ಗೋಡೆಯ ಬೂಷ್ಟು ಯಾರ ಪಾಲಿಗೆ?

ಮಳೆಗಾಲ ಬಂತೆಂದರೆ ನಮ್ಮ ಐದು ತಾಲೂಕುಗಳಲ್ಲಿ ಎರಡು ಸುದ್ದಿ ತಪ್ಪದೆ ಬರುತ್ತವೆ. ಒಂದು, ಸೇತುವೆ ಮುಳುಗಿ ಬಸ್ ಬಂದ್ ಆದದ್ದು. ಇದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇನ್ನೊಂದು, ಬಾಡಿಗೆ ಮನೆಯ ಗೋಡೆಗೆ ಬೂಷ್ಟು ಹಿಡಿದದ್ದು. ಇದು ಎಲ್ಲಿಯೂ ಅಚ್ಚಾಗುವುದಿಲ್ಲ. ಮಾಲಕರ ಪಡಸಾಲೆಯಲ್ಲಿ ಜಗಳವಾಗಿ ಅಲ್ಲೇ ಮುಗಿಯುತ್ತದೆ. ಕೆಲವರು ಬೂಷ್ಟು ಅನ್ನುತ್ತಾರೆ, ಮರಾಠಿ ಮನೆಗಳಲ್ಲಿ ಬುರಶಿ ಅನ್ನುತ್ತಾರೆ. ಹೆಸರು ಏನೇ ಇರಲಿ, ಜಗಳದ ಮಾತು ಮಾತ್ರ ಎಲ್ಲ ಕಡೆ ಒಂದೇ.

"ಕಾಕಾರ, ಗ್ವಾಡಿ ನೋಡ ಬರ್ರಿ, ಕರ್ರಗಾಗೇತಿ. ಹುಡುಗರಿಗೆ ಕೆಮ್ಮು ಬಿಡವಲ್ದು."

"ನೀವು ಕಿಡಕಿ ತಗಿಯಂಗಿಲ್ಲ, ಒಳಗ ಅರಬಿ ಒಣ ಹಾಕ್ತೀರಿ. ಗ್ವಾಡಿ ಕರ್ರಗಾಗದ ಇನ್ನೇನಾಕ್ಕೇತಿ? ಮದಲಿದ್ದವರು ಏನೂ ಅಂದಿದ್ದಿಲ್ಲ."

ಮೊದಲಿದ್ದವರು ನಿಜವಾಗಿ ಏನೂ ಅಂದಿರಲಿಲ್ಲವೋ, ಅಂದು ಅಂದು ಬೇಸತ್ತು ಮನೆ ಬಿಟ್ಟರೋ, ಕೇಳೋಣವೆಂದರೆ ಅವರು ಊರಲ್ಲಿ ಇದ್ದರಲ್ಲವೇ! ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನವರು, ಸಕ್ಕರೆ ಕಾರ್ಖಾನೆಯ ನೌಕರರು, ಕಂಡಕ್ಟರು, ನರ್ಸಬಾಯಿ, ಇವರೇ ನಮ್ಮ ಕಡೆಯ ಬಾಡಿಗೆ ಮನೆಗಳಲ್ಲಿ ಹೆಚ್ಚಿನವರು. ಎರಡು ಮಳೆಗಾಲ ಕಳೆಯುವುದರೊಳಗೆ ಮತ್ತೆ ವರ್ಗದ ಹುಕುಂ. ಗೋಡೆ ಅಲ್ಲೇ ಇರುತ್ತದೆ. ಹೊಸಬರು ಬರುವ ಮೊದಲು ಅದಕ್ಕೊಂದು ಕೈ ಬಣ್ಣ. ಫೆಬ್ರುವರಿಯಲ್ಲಿ ನೋಡಿದವರಿಗೆ ಮನೆ ಮದುವಣಗಿತ್ತಿ. ಅದರ ಖರೇ ಮುಖ ಕಾಣುವುದು ಜುಲೈ ಕಡೆಯ ವಾರದಲ್ಲಿ.

ಈ ಜಗಳದಲ್ಲಿ ಕಿಡಕಿಯ ಮಾತು ಬರುತ್ತದೆ, ಅರಬಿಯ ಮಾತು ಬರುತ್ತದೆ, ಕಡೆಗೆ ಡಿಪಾಜಿಟ್ಟಿನ ಮಾತೂ ಬರುತ್ತದೆ. ಬರಬೇಕಾದ ಮಾತು ಮಾತ್ರ ಬರುವುದಿಲ್ಲ. ಗೋಡೆಯೊಳಗಿನ ನೀರು ಎಲ್ಲಿಂದ ಬಂತು? ಇದಕ್ಕೆ ಉತ್ತರ ಸಿಕ್ಕರೆ ರಿಪೇರಿ ಯಾರದು, ಖರ್ಚು ಯಾರದು ಎಂಬ ತಕರಾರು ಮುಕ್ಕಾಲು ಪಾಲು ತೀರಿದಂತೆಯೇ.

ಮೂರು ದಾರಿಯ ನೀರು

ಬೂಷ್ಟಿನ ಬೀಜಕಣ ಗಾಳಿಯಲ್ಲಿ ಎಲ್ಲೆಲ್ಲೂ ಇದೆ, ಸಾಹುಕಾರರ ಬಂಗಲೆಯಲ್ಲೂ ಇದೆ. ಅದಕ್ಕೆ ತಿನ್ನಲು ಬಣ್ಣ, ಧೂಳು, ಕಾಗದ, ಕಟ್ಟಿಗೆ ಏನಾದರೂ ಆದೀತು. ಇಲ್ಲದೆ ಆಗದ್ದು ನೀರೊಂದೇ. ಒಂದು ಜಾಗ ಒಂದೆರಡು ದಿನ ಹಸಿಯಾಗಿಯೇ ಉಳಿದರೆ ಸಾಕು, ಅಲ್ಲಿ ಅದರ ಸಂಸಾರ ಶುರು. ನೀರು ನಿಲ್ಲಿಸದೆ ಬೂಷ್ಟು ಒರೆಸುವುದೆಂದರೆ ನಳ ಬಂದ್ ಮಾಡದೆ ನೆಲ ಒರೆಸಿದ ಹಾಗೆ.

ಮೊದಲನೆಯದು ಕೆಳಗಿನ ನೀರು. ಕೃಷ್ಣಾ ತೀರದ ಎರೆ ಮಣ್ಣು ನೀರು ಕುಡಿದರೆ ಬೇಗ ಬಿಡುವುದಿಲ್ಲ. ಪಾಯಾ ಮುಗಿದು ಗೋಡೆ ಏಳುವ ಜಾಗದಲ್ಲಿ ತೇವ ತಡೆಯುವ ಒಂದು ಪದರು ಹಾಕಬೇಕು. ಖರ್ಚು ಉಳಿಸಲು ಅದನ್ನು ಬಿಟ್ಟರೆ, ದೀಪದ ಬತ್ತಿ ಎಣ್ಣೆ ಏರಿಸಿಕೊಂಡಂತೆ ಇಟ್ಟಂಗಿ ನೆಲದ ನೀರನ್ನು ಏರಿಸಿಕೊಳ್ಳುತ್ತದೆ. ಅಥಣಿ ಬರದ ತಾಲೂಕು, ಅಲ್ಲಿ ಎಲ್ಲಿಯ ತೇವ ಅನ್ನುವವರು ಹೊಳೆಯ ದಂಡೆಯ ಕಬ್ಬಿನ ಊರುಗಳನ್ನು ನೋಡಬೇಕು. ನೀರು ಕಟ್ಟಿ ಕಟ್ಟಿ ಹೊಲ ಸವಳು-ಜವಳಾದದ್ದು ರೈತರಿಗೆಲ್ಲ ಗೊತ್ತು. ಹೊಲದಲ್ಲಿ ಮೇಲೆ ಬಂದ ಉಪ್ಪು ಮನೆಯ ಗೋಡೆಯಲ್ಲಿ ಬರುವುದಿಲ್ಲವೇ? ಗುರುತು ಸುಲಭ. ನೆಲದಿಂದ ಮೊಳಕಾಲಿನ ಮಟ್ಟಕ್ಕೋ ಸೊಂಟದ ಮಟ್ಟಕ್ಕೋ ಒಂದು ಕಲೆಯ ಗೆರೆ, ಅದರ ಕೆಳಗೆ ಬಿಳಿ ಉಪ್ಪು, ಕೈ ಸವರಿದರೆ ಗಿಲಾವು ಪುಡಿಪುಡಿ.

ಎರಡನೆಯದು ಮೇಲಿನ ನೀರು. ಸ್ಲ್ಯಾಬಿನ ಬಿರುಕು, ಮಾಳಿಗೆಯ ಮೇಲೆ ನಿಂತ ಮಳೆ, ಸೋರುವ ಟಾಕಿ, ಗೋಡೆಯೊಳಗಿನ ಪೈಪು. ಕಲೆ ಮೂಲೆಯಿಂದ ಕೆಳಗೆ ಇಳಿಯುತ್ತದೆ, ಮಳೆಯಾದ ಮರುದಿನ ದೊಡ್ಡದಾಗುತ್ತದೆ. ಅಥಣಿಗಿಂತ ನಿಪ್ಪಾಣಿ ಕಡೆ ಮಳೆ ಬಿಡದೆ ಹಿಡಿಯುವುದರಿಂದ ಅಲ್ಲಿ ಈ ಜಾತಿಯೇ ಹೆಚ್ಚು.

ಮೂರನೆಯದು ಮನೆಯೊಳಗಿನ ನೀರು. ಅಡಿಗೆಯ ಹಬೆ, ಬಚ್ಚಲಿನ ಹಬೆ, ಒಳಗೆ ಒಣಹಾಕಿದ ಅರಬಿ, ಜನರ ಉಸಿರು. ಈ ಹಬೆ ತಣ್ಣನೆಯ ಗೋಡೆಗೆ ತಾಗಿ ಬೆವರಾಗುತ್ತದೆ. ತಿಜೋರಿಯ ಹಿಂದೆ, ಹಾಸಿಗೆ ಒಟ್ಟಿದ ಮೂಲೆಯಲ್ಲಿ, ಗಾಳಿ ಆಡದ ಕಡೆ ಕರೀ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಇದರಲ್ಲಿ ಬಾಡಿಗೆದಾರರ ಪಾಲು ಇದೆ, ಇಲ್ಲವೆನ್ನಲಾಗದು. ಆದರೆ ಕಿಡಕಿ ತೆಗೆಯಿರಿ ಅನ್ನುವ ಮಾಲಕರು, ತೆಗೆದ ಕಿಡಕಿ ಎಲ್ಲಿಗೆ ತೆರೆಯುತ್ತದೆ ಎಂಬುದನ್ನೂ ನೋಡಬೇಕಲ್ಲವೇ? ಇಪ್ಪತ್ತು-ಮೂವತ್ತರ ಪ್ಲಾಟಿನಲ್ಲಿ ಒಂದು ಗೇಣೂ ಬಿಡದೆ ಕಟ್ಟಿ, ಪಕ್ಕದವರ ಗೋಡೆಗೆ ಮೂಗು ತಾಗಿಸಿ ಕಿಡಕಿ ಇಟ್ಟರೆ ಅದರಿಂದ ಗಾಳಿ ಬರುವುದಿಲ್ಲ, ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬರುತ್ತದೆ.

ಯಾವ ನೀರೆಂದು ತಿಳಿಯದೆ ಜಗಳವಾಡುವವರಿಗೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಅಂಗೈ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಬೆವರಿದ್ದರೆ ನೀರು ಗೋಡೆಯೊಳಗಿನದು. ಮುಂಬದಿ ಬೆವರಿದ್ದರೆ ಕೋಣೆಯ ಹಬೆಯದು. ಮಾಲಕರನ್ನೂ ಕರೆದು ಇಬ್ಬರೂ ಕೂಡಿ ನೋಡಿದರೆ ಅರ್ಧ ಮಾತು ಅಲ್ಲೇ ಮುಗಿದೀತು.

ಕರಾರಿನಲ್ಲಿ ಇಲ್ಲದ ಸಾಲು

ಇನ್ನು ಕಾನೂನಿನ ಮಾತು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದೊಂದಿದೆ, 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ತಾಗುವುದಿಲ್ಲ. ಬಸ್ ಸ್ಟ್ಯಾಂಡಿನ ಸುತ್ತ ಎರಡು ಸಾವಿರಕ್ಕೆ ಈಗ ಯಾವ ಮನೆ ಸಿಗುತ್ತದೆ, ಓದುಗರೇ ಹೇಳಲಿ. ಹಾಗಾಗಿ ನಮಗೆ ಉಳಿಯುವುದು ಬ್ರಿಟಿಷರ ಕಾಲದ ಸ್ವತ್ತು ವರ್ಗಾವಣೆ ಕಾಯ್ದೆ, 1882. ಅದರ 108ನೇ ಕಲಮು ಓದಲು ಲಾಯಕ್ಕಾದದ್ದು.

ಮನೆ ಕೊಡುವವರಿಗೆ ಗೊತ್ತಿದ್ದು, ತೆಗೆದುಕೊಳ್ಳುವವರಿಗೆ ಗೊತ್ತಾಗದಂಥ ದೊಡ್ಡ ಐಬು ಇದ್ದರೆ ಮೊದಲೇ ಹೇಳಬೇಕು ಎನ್ನುತ್ತದೆ ಅದು. ಮಾಲಕರು ಮಾಡಲೇಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟು ತಕ್ಕ ಸಮಯ ಕಳೆದರೂ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ. ಮನೆ ಬಿಡುವಾಗ ಹಿಡಿದಾಗ ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಸವಕಳಿ ಮತ್ತು ತಡೆಯಲಾಗದ ಹೊರಗಿನ ಹೊಡೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂದೂ ಹೇಳುತ್ತದೆ. ನೆಲದಿಂದ ಏರಿದ ಉಪ್ಪಿಗೆ ಡಿಪಾಜಿಟ್ಟಿನಲ್ಲಿ ಬಣ್ಣದ ದುಡ್ಡು ಮುರಿದುಕೊಳ್ಳುವವರು ಈ ಮಾತನ್ನು ಎರಡು ಸಲ ಓದಬೇಕು.

ಬಾಡಿಗೆದಾರರು ಇಷ್ಟಕ್ಕೇ ಖುಷಿಪಡುವ ಹಾಗಿಲ್ಲ. ಈ ಕಲಮಿನ ಮೊದಲಲ್ಲೇ ಒಂದು ಮಾತಿದೆ. ಬೇರೆ ಕರಾರಾಗಲಿ, ಊರ ರೂಢಿಯಾಗಲಿ ಇಲ್ಲದಿದ್ದರೆ ಮಾತ್ರ ಇದು ನಡೆಯುತ್ತದೆ. "ಮಾಡಲೇಬೇಕಾದ ರಿಪೇರಿ" ಯಾವುದೆಂದು ಈ ಕಲಮು ಪಟ್ಟಿ ಕೊಡುವುದಿಲ್ಲ. ಅದು ಕರಾರಿನಲ್ಲಿ ಇರಬೇಕು. ನಮ್ಮ ಕಡೆಯ ಕರಾರು ಎಂಥದು? ಬಾಂಡ್ ಬರೆಯುವವರ ಕಂಪ್ಯೂಟರಿನಲ್ಲಿ ಇರುವ ಒಂದೇ ಮಾದರಿ, ಹೆಸರು ಮತ್ತು ಮೊತ್ತ ಬದಲು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಹನ್ನೊಂದು ತಿಂಗಳು. ಬಾಡಿಗೆ ಯಾವ ತಾರೀಖಿಗೆ, ಮೊಳೆ ಹೊಡೆಯಬಾರದು, ಕುರಿ ಕೋಳಿ ಕಟ್ಟಬಾರದು, ಎಲ್ಲ ಉಂಟು. ಸ್ಲ್ಯಾಬು ಸೋರಿದರೆ ಯಾರು ನೋಡಬೇಕು? ಆ ಸಾಲೇ ಇಲ್ಲ. "ಮಾಳಿಗೆ, ಹೊರಗೋಡೆ, ಪಾಯಾ, ಗೋಡೆಯೊಳಗಿನ ಪೈಪು ಇವುಗಳ ರಿಪೇರಿ ಮಾಲಕರದು" ಎಂಬ ಒಂದೇ ಸಾಲು ಬರೆಸಿಕೊಂಡರೆ 1882ರ ಕಾಯ್ದೆಗೆ ಹಲ್ಲು ಬರುತ್ತದೆ. ಬರೆಸದಿದ್ದರೆ ಬಾಡಿಗೆದಾರರ ಕೈಯಲ್ಲಿ ಉಳಿಯುವುದು ಬರೀ ವಿನಂತಿ.

ಕೇಂದ್ರ ಸರ್ಕಾರ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದಕ್ಕೆ ಪಟ್ಟಿಯೇ ಇದೆ. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ, ಪೈಪು ಬದಲಿಸುವುದು ಮಾಲಕರ ಪಾಲಿಗೆ. ನಳದ ವಾಷರು, ಮೋರಿ ತೊಳೆಯುವುದು ಬಾಡಿಗೆದಾರರ ಪಾಲಿಗೆ. ಪ್ರವಾಹದಿಂದ ಮನೆ ಇರಲು ಬಾರದಂತಾದರೆ, ಸರಿಪಡಿಸುವವರೆಗೆ ಬಾಡಿಗೆ ಕೇಳಬಾರದೆಂದೂ ಇದೆ. ಆದರೆ ಮಾದರಿ ಎಂಬುದು ಮಾದರಿಯೇ, ರಾಜ್ಯ ತನ್ನ ಕಾಯ್ದೆ ಮಾಡಿಕೊಂಡರಷ್ಟೇ ಅದಕ್ಕೆ ಜೀವ. ಆದರೂ ಆ ಪಟ್ಟಿಯನ್ನು ನಿಮ್ಮ ಕರಾರಿಗೆ ಇಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಗೋಡೆಯ ಬೂಷ್ಟಿಗೆ ಇಷ್ಟು ದೊಡ್ಡ ಮಾತೇ ಎಂದು ನಗುವವರಿಗೆ ಇಂಗ್ಲೆಂಡಿನ ಪ್ರಸಂಗ ಹೇಳಬೇಕು. ರಾಚ್‌ಡೇಲ್ ಎಂಬ ಊರಿನಲ್ಲಿ ವಸತಿ ಸಂಸ್ಥೆಯ ಬಾಡಿಗೆ ಮನೆಯಲ್ಲಿದ್ದ ಅವಾಬ್ ಇಶಾಕ್ ಎಂಬ ಎರಡು ವರ್ಷದ ಕೂಸು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು. ತಂದೆ ತಾಯಿ ದೂರಿದಾಗಲೆಲ್ಲ ಅವರ ಜೀವನ ಪದ್ಧತಿಯದೇ ತಪ್ಪೆಂಬ ಮಾತು ಬರುತ್ತಿತ್ತು. ಕಿಡಕಿ ತಗಿಯಂಗಿಲ್ಲ, ಅರಬಿ ಒಣ ಹಾಕ್ತೀರಿ ಎಂಬ ನಮ್ಮ ಮಾತಿನ ಇಂಗ್ಲಿಷ್ ರೂಪ ಅಷ್ಟೇ! ಆ ಕೂಸಿನ ಹೆಸರಿನಲ್ಲೇ 2023ರಲ್ಲಿ ಅಲ್ಲಿ ಕಾನೂನಾಯಿತು. ಅಂಥ ವಸತಿ ಸಂಸ್ಥೆಗಳು ಅಪಾಯಕಾರಿ ತೇವದ ದೂರು ಬಂದರೆ ಹತ್ತು ಕೆಲಸದ ದಿನಗಳೊಳಗೆ ತಪಾಸಣೆ ಮಾಡಬೇಕೆಂಬ ನಿಯಮ 2025ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ತೇವದ ಮನೆಯಲ್ಲಿ ಕೆಮ್ಮು, ಉಬ್ಬಸ, ದಮ್ಮು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ.

ಹೊಳೆ ಹೊಕ್ಕು ಹೋದ ಮನೆ

ಮೇಲಿನ ಮೂರು ನೀರಿನ ಜೊತೆಗೆ ನಮ್ಮ ಕಡೆ ನಾಲ್ಕನೆಯದೊಂದಿದೆ, ಬಾಗಿಲಿನಿಂದಲೇ ಬರುವ ನೀರು. ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭೀವಶಿ ಸೇತುವೆಗಳು ಮುಳುಗುವುದು ಬಸ್ಸಿನ ಜನಕ್ಕೆ ಹೊಸದಲ್ಲ. ಆದರೆ 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಸೇತುವೆ ದಾಟಿ ಊರಿಗೇ ಹೊಕ್ಕವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯೇ ಬಂದಾಯಿತು. 2021ರ ಜುಲೈಯಲ್ಲಿ ಮತ್ತೆ ಅದೇ ಪಾಡು.

ಆಗ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ತುರ್ತಿಗೆ 10,000, ಮನೆ ಕಳಕೊಂಡವರು ಬಾಡಿಗೆಗೆ ಇರಲು ತಿಂಗಳಿಗೆ 5,000 ಎಂದು 2019ರಲ್ಲಿ ಸಾರಿತು. ಹಣ ಬಂದವರೂ ಇದ್ದಾರೆ, ಬಾರದವರೂ ಇದ್ದಾರೆ, ಆ ಕಥೆ ಬೇರೆ. ಇಲ್ಲಿ ಹೇಳಬೇಕಾದದ್ದು ಇದು: ಮನೆ ಕಟ್ಟುವ ಹಣ ಉತಾರದಲ್ಲಿ ಹೆಸರಿದ್ದವರಿಗೆ. ಬಾಡಿಗೆಗೆ ಇದ್ದವರ ಗಾದಿ, ಫ್ರಿಜ್ಜು, ಹುಡುಗರ ಪುಸ್ತಕ ಎಲ್ಲ ಅದೇ ನೀರಿನಲ್ಲಿ ಹೋದರೂ ಅವರ ಹೆಸರು ಉತಾರದಲ್ಲಿ ಎಲ್ಲಿ ಇರಬೇಕು?

ನೀರು ಇಳಿದ ಮೇಲಿನ ಮಾತು ಇನ್ನೂ ಮುಖ್ಯದ್ದು. ತೋಯ್ದ ಗೋಡೆ ಒಣಗಲು ಇಂಚಿಗೊಂದು ತಿಂಗಳೆಂಬುದು ಕಟ್ಟಡದವರ ಅಂದಾಜು. ಒಂಬತ್ತು ಇಂಚಿನ ಗೋಡೆಗೆ ಎಷ್ಟಾಯಿತು ಲೆಕ್ಕ ಹಾಕಿ. ಅಷ್ಟು ದಿನ ಬಾಡಿಗೆ ಬಿಟ್ಟು ಕೂಡಲು ಯಾರಿಗೆ ಮನಸ್ಸು? ದಸರೆಗೆ ಪುಟ್ಟಿ, ದೀಪಾವಳಿಗೆ ಬಣ್ಣ, ಹೊಸ ವರ್ಷಕ್ಕೆ ಹೊಸ ಬಾಡಿಗೆದಾರರು. ಒಳಗಿನ ನೀರು ಬಣ್ಣದ ಹಿಂದೆ ಸಿಕ್ಕಿಬಿದ್ದು ಮುಂದಿನ ಮಳೆಗಾಲಕ್ಕೆ ಕಪ್ಪಾಗಿ ಹೊರಬರುತ್ತದೆ. ಹೊಳೆ ಹೊಕ್ಕ ಮನೆಯೆಂದು ಬಂದವರಿಗೆ ಹೇಳುವವರು ಎಷ್ಟು ಮಂದಿ? ಗೊತ್ತಿದ್ದ ಐಬನ್ನು ಮುಚ್ಚಿಡಬಾರದೆಂದು ಮೇಲೆ ಹೇಳಿದ ಕಲಮು ತಾಗಬೇಕಾದದ್ದು ಇಲ್ಲಿಯೇ. ಹೊಸದಾಗಿ ಬರುವವರು ಓಣಿಯ ಕಿರಾಣಿ ಅಂಗಡಿಯಲ್ಲಿ ಒಂದು ಮಾತು ಕೇಳಿದರೆ ಸಾಕು. 2019ರಲ್ಲಿ ನೀರು ಯಾವ ಮಟ್ಟಕ್ಕೆ ಬಂದಿತ್ತೆಂದು ಅಂಗಡಿಯವರು ತಮ್ಮ ಬಾಗಿಲ ಚೌಕಟ್ಟಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಅಂಗಡಿಕಾರರ ಪಾಡೂ ಇದೇ. ಅವರಲ್ಲೂ ಬಾಡಿಗೆಗೆ ಇರುವವರೇ ಬಹಳ. ಹಿಂದಿನ ಗೋಡೆಯಿಂದ ಶೇಂಗಾ ಚೀಲಕ್ಕೆ ತೇವ ಹತ್ತಿದರೆ ಬರೀ ಮಾಲಿನ ನಷ್ಟವಲ್ಲ, ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಅಂಗಡಿಯ ವಿಮೆಯಲ್ಲಿ ಪ್ರವಾಹದ ನಷ್ಟ ಸಾಮಾನ್ಯವಾಗಿ ಸೇರಿರುತ್ತದೆ, ದಿನದಿನವೂ ತೇವ ಹತ್ತಿ ಕೆಟ್ಟ ಮಾಲಿಗೆ ಪರಿಹಾರ ಸಿಗುವುದು ಕಷ್ಟ. ಇಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಯಿಂದ ಕಲಿಯುವುದಿದೆ. ತಂಬಾಕು ಗಾಳಿಯ ತೇವ ಹೀರಿ ಬೂಷ್ಟು ಹಿಡಿಯುವ ಮಾಲು. ಅಂಥ ಮಾಲನ್ನು ನೆಲಕ್ಕೆ ತಾಗಿಸದೆ, ಗೋಡೆಗೆ ಒರಗಿಸದೆ, ಹಲಗೆಯ ಮೇಲೆ, ಸುತ್ತ ಗಾಳಿ ಆಡುವಂತೆ ಇಡಬೇಕು. ತಂಬಾಕಿಗೆ ಸಲ್ಲುವ ಮರ್ಯಾದೆ ಮನುಷ್ಯರ ಹಾಸಿಗೆಗೂ ಸಲ್ಲಬಾರದೇ? ತಿಜೋರಿಯನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದರೆ ಖರ್ಚೇನೂ ಇಲ್ಲ.

ಮಾಲಕರೆಲ್ಲ ಕೆಟ್ಟವರೆಂದು ಈ ಅಂಕಣ ಹೇಳುತ್ತಿಲ್ಲ. ನಮ್ಮ ಊರುಗಳಲ್ಲಿ ಮಾಲಕರೆಂದರೆ ಹತ್ತು ಬಿಲ್ಡಿಂಗಿನ ಧಣಿಗಳಲ್ಲ. ಪೆನ್ಶನ್ ಸಾಲದ ಮಾಸ್ತರರು, ಗಂಡನಿಲ್ಲದ ತಾಯಂದಿರು, ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು ಹಿಂದೆ ತಾವಿರುವವರು. ಅವರ ಗೋಡೆಯೂ ಅದೇ ಹಸಿ, ಅವರ ಮೊಮ್ಮಕ್ಕಳಿಗೂ ಅದೇ ಕೆಮ್ಮು. ಸ್ಲ್ಯಾಬಿಗೆ ಸರಿಯಾಗಿ ನೀರು ತಡೆಯುವ ಕೆಲಸ ಮಾಡಿಸಿದರೆ ತಿಂಗಳುಗಟ್ಟಲೆಯ ಬಾಡಿಗೆ ಅದಕ್ಕೇ ಹೋಗುತ್ತದೆ. ಆದರೆ ವರ್ಷಾ ವರ್ಷಾ ಬಣ್ಣಕ್ಕೆ ಸುರಿಯುವುದೂ ದುಡ್ಡೇ. ಗೌಂಡಿಗಳಲ್ಲೂ ಕೆಲವರು ಹಸಿ ಗೋಡೆಗೆ ಸಿಮೆಂಟ್ ಗಿಲಾವು ಮೆತ್ತಿ, ಮೇಲೆ ಪುಟ್ಟಿ ಎಳೆದು ಕೈ ತೊಳೆದುಕೊಳ್ಳುತ್ತಾರೆ. ಹಳೆಯ ಮನೆಗಳ ಸುಣ್ಣದ ಗಾರೆ ಗೋಡೆಗೆ ಉಸಿರಾಡಲು ಬಿಡುತ್ತಿತ್ತು. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಹುಟ್ಟುವುದೂ ಇಲ್ಲ. ಅಗ್ಗದ ಸುಣ್ಣ ಬಿಟ್ಟು ತುಟ್ಟಿಯ ಬಣ್ಣ ಹಿಡಿದವರು ಬೂಷ್ಟಿಗೆ ಊಟ ಹಾಕಿದಂತಾಯಿತು.

ಮೈದಾ ಹಿಟ್ಟಿನಂತೆ ಉದುರುವ ಬೂಷ್ಟನ್ನು ಒಣ ಕಸಬರಿಗೆಯಿಂದ ಹೊಡೆಯುವ ಚಟವೊಂದಿದೆ, ಅದನ್ನು ಬಿಡಬೇಕು. ಬೀಜಕಣ ಮನೆಯೆಲ್ಲ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಸಾಬೂನಿನ ನೀರಿನಲ್ಲಿ ಒದ್ದೆ ಮಾಡಿದ ಅರಿವೆಯಿಂದ ಒರೆಸಿ, ಒಣಗಿಸಬೇಕು. ಬ್ಲೀಚಿಂಗ್ ಪುಡಿ ಬಳಸುವವರು ಅದರ ಜೊತೆ ಸಂಡಾಸ ತೊಳೆಯುವ ಆ್ಯಸಿಡ್ ಎಂದೂ ಕೂಡಿಸಬಾರದು, ಏಳುವ ಗಾಳಿ ಜೀವಕ್ಕೆ ಅಪಾಯ. ತೋಯ್ದ ಹತ್ತಿ ಗಾದಿಗೆ ಬೂಷ್ಟು ಹಿಡಿದರೆ ಅದರ ಆಸೆ ಬಿಡುವುದು ಲೇಸು.

ಸ್ಥಳೀಯ ಸಂಸ್ಥೆಗಳ ಪಾಲೂ ಇದರಲ್ಲಿದೆ, ಅದನ್ನು ಯಾರೂ ಎತ್ತುವುದಿಲ್ಲ. ಹಳೆಯ ರಸ್ತೆ ಅಗೆಯದೆ ಅದರ ಮೇಲೆ ಮತ್ತೊಂದು ಪದರು ಕಾಂಕ್ರೀಟು, ಮೂರು ವರ್ಷಕ್ಕೆ ಅದರ ಮೇಲೆ ಇನ್ನೊಂದು. ಹಿಂದೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಗಟಾರ ತುಂಬಿದರೆ ನೀರು ನೇರ ಹೊಸ್ತಿಲಿಗೆ. ಹಾಕಿದ್ದ ತೇವ ತಡೆಯುವ ಪದರು ರಸ್ತೆಯ ಮಟ್ಟಕ್ಕಿಂತ ಕೆಳಗಾಯಿತು, ಇದ್ದೂ ಇಲ್ಲದಂತೆ. ಇಂಥ ಓಣಿಯಲ್ಲಿ ಮಾಲಕರೂ ಬಾಡಿಗೆದಾರರೂ ಬಡಿದಾಡಿ ಏನು ಮಾಡುವುದು? ಇಬ್ಬರೂ ಕೂಡಿ ಒಂದೇ ಅರ್ಜಿಗೆ ಸಹಿ ಹಾಕಿ ವಾರ್ಡಿನ ಸದಸ್ಯರ ಮನೆಗೆ ಹೋಗಬೇಕು. ರಸ್ತೆಯ ಟೆಂಡರಿನಲ್ಲಿ "ಹಳೆಯ ಪದರು ತೆಗೆದು" ಎಂಬ ಮಾತು ಇದೆಯೇ ಇಲ್ಲವೇ ಎಂದು ಕೆಲಸ ಶುರುವಾಗುವ ಮೊದಲೇ ಕೇಳಬೇಕು. ಸಂಬಂಧಪಟ್ಟವರು ಉತ್ತರ ಕೊಡಲಿ, ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ.

ಈ ವರ್ಷ ಮನೆ ಬದಲಿಸುವವರು ಬೇಸಿಗೆಯಲ್ಲಿ ಬಣ್ಣ ನೋಡಿ ಮರುಳಾಗದೆ, ತಿಜೋರಿ ಇಡುವ ಮೂಲೆಗೆ ಮೂಗು ಹತ್ತಿರ ಒಯ್ದು ವಾಸನೆ ನೋಡಿ. ನೆಲದ ಅಂಚಿನ ಗಿಲಾವನ್ನು ಉಗುರಿನಿಂದ ಕೆರೆದು ನೋಡಿ. ಸಾಮಾನು ಇಳಿಸುವ ಮೊದಲು ನಾಲ್ಕೂ ಗೋಡೆಯ ಫೋಟೋ ತೆಗೆದು ಮಾಲಕರ ಮೊಬೈಲಿಗೂ ಒಂದು ಪ್ರತಿ ಕಳಿಸಿ. ಮಳೆಗಾಲದಲ್ಲಿ ಸೋರಿದರೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದುಕೊಡಿ. ಕೈಗೆ ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕರಾರಿನಲ್ಲಿ ಮಾಳಿಗೆಯ ಆ ಒಂದು ಸಾಲು ಬರೆಸಿರದಿದ್ದರೆ, ಹನ್ನೊಂದು ತಿಂಗಳು ಮುಗಿದು ಹೊಸ ಬಾಂಡ್ ಮಾಡುವ ದಿನ ಅದನ್ನು ಸೇರಿಸಲು ಕೇಳಿ.